ಒಟ್ಟೆಗೆ ಒಟ್ಟೆ

ಶೆಲ್ಲು ಎರಡುಂಟು ಹರಿಣಾಕ್ಷಿ, ಅವಳಿಜವಳಿಯ ಹಾಗೆ.
ಒಂದಕ್ಕೆ ಒಟ್ಟೆ ಉಂಟು, ಒಂದಕ್ಕೆ ಇಲ್ಲ.
ಒಟ್ಟೆ ಇದ್ದದ್ದು ಮೇಲೆ, ಬ್ಲಾಕಿನ ಮೈಗೆ.
ಬೋಳು ಇದ್ದದ್ದು ಕೆಳಗೆ, ಕ್ಯಾಪಿಗೆ.
ಅದಲುಬದಲಾದರೂ ಕೂತುಕೊಳ್ತದೆ, ಬೋಲ್ಟು ಬಿಗಿಯಾಗ್ತದೆ,
ಟಾರ್ಕು ಕೊಟ್ಟಾಗ ಟಿಕ್ ಅಂತಲೂ ಹೇಳ್ತದೆ.
ತಪ್ಪಿಗೆ ಬೇರೆ ಸದ್ದು ಇಲ್ಲ ಮಾರಾಯ್ತಿ,
ಸುರುವಿಗೆ.

ಬೋರಿಂಗಿಗೆ ಹೋಗಿ ಬಂದ ಬ್ಲಾಕು
ಯೆಯ್ಯಾಡಿಯ ಈ ಶೆಡ್ಡಿನಲ್ಲಿ ಮಗುಚಿ ಮಲಗಿದೆ.
ಸೀಮೆಎಣ್ಣೆಯಲ್ಲಿ ಮೂರು ಸಲ ಮಿಂದಿದೆ, ಆದರೂ
ಗ್ಯಾಲರಿಯ ಪ್ಲಗ್ ಬಿಚ್ಚದೆ ಮಿಂದದ್ದು
ಕಿವಿಯ ಹಿಂದೆ ತಿಕ್ಕದ ಮಗುವಿನ ಸ್ನಾನ.
ಬಿಚ್ಚಿದೆವು. ಒಳಗೆ ಹಳೆಯ ಕರಿ,
ಅದರ ಮೇಲೆ ನಿನ್ನೆ ಕೊರೆದ ಬೀಡಿನ ಪುಡಿ, ಮಿಣಮಿಣ.
ಬೆಂಗರೆಯ ಬೋಟಿನವರನ್ನು ಕೇಳು:
ಅಳಿವೆಬಾಗಿಲಲ್ಲಿ ಒಂದು ಮೊಳ ಹೂಳೆದ್ದರೆ
ಒಳಗೆ ಎರಡು ಹೊಳೆ ತುಂಬಿದ್ದೂ ಎಂತ ಪ್ರಯೋಜನ.

ಕ್ಯಾಮಿನ ಹೊಸ ಬುಷ್ಷು ತಟ್ಟುವಾಗ
ಒಂದು ನೂಲು ತಿರುಗಿತು. ಒಟ್ಟೆ ಅರ್ಧಚಂದ್ರ.
"ಇಷ್ಟು ಸಾಕಲ್ವಾ," ನಾನೇ ಕೇಳಿದೆ, ಪರೀಕ್ಷೆಗೆ.
ನೀನು ಮೂಗು ಮುಟ್ಟಿಕೊಂಡೆ:
"ಲೇತಿನ ಹತ್ತಿರ ಬೊಟ್ಟು ಬೇಡ ಅಂತ ಐಟಿಐಯಲ್ಲಿ ತೆಗೆಸಿದ್ರು,
ಮೂರು ತಿಂಗಳಲ್ಲಿ ಮುಚ್ಚಿಯೇ ಹೋಯ್ತು.
ಸಣ್ಣ ಒಟ್ಟೆಯನ್ನು ನಂಬ್ಲಿಕ್ಕಾಗುದಿಲ್ಲ."
ಹೊರಗೆ ಹೊಡೆದು ಪುನಃ ತಟ್ಟಿದೆ.

ನಿನಗೆ ಹೇಳದ್ದು ಒಂದುಂಟು.
ಬೊನಿಫಾಸ್ ಪೊರ್ಬುಗಳ ಕೈಕೆಳಗೆ, ನನಗೆ ಹತ್ತೊಂಬತ್ತು.
ಇಂಥದ್ದೇ ಪದ್ಮಿನಿ, ಹಂಪನಕಟ್ಟೆ ಸ್ಟ್ಯಾಂಡಿನ ಮೋನಪ್ಪಣ್ಣನದ್ದು.
ದಾರಿ ಸರಿ ಉಂಟಾ ನೋಡ್ಲಿಕ್ಕೆ
ಹಿಡಿಸೂಡಿಯ ಕಡ್ಡಿ ತೂರಿಸಿದೆ. ಹೋಯಿತು, ಆಚೆ ಕಂಡಿತು.
ಎಳೆದೆ. ಬಂದದ್ದು ಒಂದು ಗೆಣ್ಣು ಗಿಡ್ಡ.
ಮೊದಲೇ ಅಷ್ಟೇ ಇತ್ತು ಅಂದುಕೊಂಡೆ.
ಅಂದುಕೊಳ್ಳುವುದು ಎಷ್ಟು ಸುಲಭ, ಗಂಟೆ ಒಂದೂವರೆ,
ಎದುರಿನ ಹೋಟ್ಲಿನಿಂದ ಬಂಗುಡೆ ಗಸಿಯ ಪರಿಮಳ.

ನಾಲ್ಕನೆ ದಿನ, ಸುರತ್ಕಲ್ ದಾಟಿ,
ಆಯಿಲಿನ ಕೆಂಪು ದೀಪ ಹತ್ತಲೇ ಇಲ್ಲ;
ಪ್ರೆಶರ್ ಇತ್ತಲ್ಲ, ಕಡ್ಡಿಯ ಈಚೆಗೆ!
ಕಟಕಟ ಅಂದಿತು. ಆಮೇಲೆ ಅದೂ ಇಲ್ಲ.
ಹಿಂದಿನ ಸೀಟಿನಲ್ಲಿದ್ದದ್ದು ಮದುಮಗಳು.
ಮುಲ್ಕಿಯ ಹಾಲಿನ ಎದುರು ಅವಳು ಇಳಿದದ್ದು
ಐಸುನೀರು ಸೋರುವ ಮೀನಿನ ಟೆಂಪೋದಿಂದ, ಸೀರೆ ಎತ್ತಿ ಹಿಡಿದು.
ನಗಾಡಿದಳಂತೆ.
ಮೋನಪ್ಪಣ್ಣ ನಗಾಡಲಿಲ್ಲ.

ಪೊರ್ಬುಗಳು ಇಂಜಿನ್ ಇಳಿಸಿದರು. ಬೈಯಲಿಲ್ಲ.
ಚಿಮಟದಲ್ಲಿ ಆ ತುಂಡು ಎಳೆದು, ಕನ್ನಡಕ ಒರೆಸಿ ನೋಡಿ,
ನನ್ನ ಅಂಗಿಯ ಕಿಸೆಗೆ ಇಳಿಸಿದರು,
ಪೆನ್ನು ಸಿಕ್ಕಿಸಿದ ಹಾಗೆ.
ಆ ತಿಂಗಳ ಸಂಬಳ ನಾನು ಕೇಳಲಿಲ್ಲ. ಅವರು ಕೊಡದೆ ಇರಲಿಲ್ಲ.
ಆಗಿನಿಂದ ನನ್ನ ಹತ್ತಿರ ತಾಮ್ರದ ತಂತಿ.

ಈಗ ಸ್ಪಾರ್ಕ್ ಪ್ಲಗ್ಗು ನಾಲ್ಕೂ ಬಿಚ್ಚಿ, ರಾಕರಿನ ಮುಚ್ಚಳ ತೆಗೆದು
ನೀನು ಸ್ಟಾರ್ಟರ್ ಒತ್ತುತ್ತಿ, ನಾನು ಬಗ್ಗಿ ನೋಡುತ್ತೇನೆ.
ಹತ್ತು ಎಣಿಸಿ ಬಿಡು. ಪುನಃ ಹತ್ತು.
ಮೊದಲ ರಾಕರಿನ ಬುಡದಲ್ಲಿ ಒಂದು ಹೊಳಪು, ಬೆವರಿನ ಹಾಗೆ.
ಎರಡು. ಮೂರು.
ಏಳು.
ಎಂಟನೆಯದ್ದು ಒಣ.
ಬ್ಯಾಟರಿಯ ದನಿ ಇಳಿಯುತ್ತಾ ಉಂಟು.

"ಕಾಯುವ," ಅಂತೇನೆ. ನೀನು ಕಾಯುವುದಿಲ್ಲ.
ಎದ್ದು ಹೋಗಿ ನನ್ನ ತಂತಿಯನ್ನು
ನೆಲದ ಒಂದು ಸೀಮೆಸುಣ್ಣದ ಗೆರೆಗೆ ಇಟ್ಟು ನೋಡುತ್ತಿ,
ಬೆಳಿಗ್ಗೆ ನನಗೆ ಕಾಣದ ಹಾಗೆ ಎಳೆದಿಟ್ಟ ಗೆರೆ.
ತುದಿಗೆ ತುದಿ ಸರಿ ಉಂಟು.
ಕೈ ಒರೆಸಿಕೊಂಡು ಬರುತ್ತಿ.
"ಈಗ ಕಾಯುವ," ಅಂತಿ.