ನೆಗೆಟಿವ್

ಯಾವುದು ನಿಮಗೆ ಬಹಳ ಇಷ್ಟ ಅಂತ ಕೇಳುತ್ತೀಯ, ಮಗೂ.
ಹೆಸರುಗಳು ನನಗೆ ಗೊತ್ತೇ ಇರಲಿಲ್ಲ.
ಡಬ್ಬಿಯ ಮೇಲೆ ಬರೆದಿರುತ್ತಿದ್ದದ್ದು ಬರೀ ನಂಬರು:
ನಾಲ್ಕುನೂರ ಹನ್ನೆರಡು, ರೀಲು ಐದು.
ಸಾಂಟಾ ಮೋನಿಕಾ ಬುಲೆವಾರ್ಡಿನ ಹಿಂದೆ
ಕಿಟಕಿಯಿಲ್ಲದ ಕೋಣೆ, ಏಳು ಹೆಂಗಸರು,
ಏಳು ಜೊತೆ ಬಿಳಿ ಹತ್ತಿಯ ಕೈಗವಸು.
ಬೆರಳಚ್ಚು ಬಿದ್ದರೆ ಸಂಬಳಕ್ಕೆ ಕತ್ತರಿ.
ನನ್ನ ಹೆಸರು ಅರ್ಷಲೂಯ್ಸ್,
ಅರ್ಮೇನಿಯನ್ನಿನಲ್ಲಿ ನಸುಕು ಅಂತ ಅರ್ಥ.
ಫೋರ್‌ಮನ್ನಿನ ನಾಲಿಗೆ ಹೊರಳಲಿಲ್ಲ,
ಲೂಸಿ ಅಂದ. ಹದಿನೇಳು ವರ್ಷ ಲೂಸಿಯಾಗಿದ್ದೆ.

ನೀವೆಲ್ಲ ಕಂಡ ಕತ್ತಲನ್ನು ನಾನು ಕಂಡವಳಲ್ಲ.
ನನ್ನ ಮೇಜಿನ ಮೇಲೆ ರಾತ್ರಿ ಯಾವಾಗಲೂ ಬೆಳ್ಳಗೆ,
ಹೆಪ್ಪುಗಟ್ಟಿದ ಹಾಲಿನ ಹಾಗೆ ಅಲುಗದೆ.
ಅದರೊಳಗೆ ಬೀದಿದೀಪ ಒಂದು ಮಸಿಬೊಟ್ಟು.
ಸಿಗರೇಟಿನ ಹೊಗೆ ಇದ್ದಿಲಲ್ಲಿ ಎಳೆದ ಗೆರೆ.
ಕೊಲೆಗಾರನ ಮುಖ ಕಪ್ಪು,
ಪತ್ತೇದಾರನದೂ ಕಪ್ಪು,
ಯಾರು ಯಾರೆಂದು ಟೋಪಿಯ ಅಂಚು ನೋಡಿ ತಿಳಿಯಬೇಕು.
ಈಗ ಅನಿಸುತ್ತದೆ,
ಆ ಕಥೆಗಳು ಹೇಳಹೊರಟದ್ದೂ ಅಷ್ಟೇ ಏನೋ.

ದೊಡ್ಡ ಸ್ಟುಡಿಯೋಗಳಿಗೆ ನಲವತ್ತು ದೀಪ.
ನಮ್ಮವರಿಗೆ ಮೂರು, ಅದರಲ್ಲೊಂದು ಬಾಡಿಗೆಯದು.
ದೀಪದ ಮಿಸ್ತ್ರಿ ಲಾಡಿಸ್ಲಾವ್, ಪ್ರಾಗ್ ಬಿಟ್ಟು ಓಡಿಬಂದವ,
ಊಟದ ಹೊತ್ತಿಗೆ ನಮ್ಮ ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದ:
ಗೋಡೆ ಕಟ್ಟೋಕೆ ದುಡ್ಡು ಕೊಡಲ್ಲ ಮಾರಾಯ್ತಿ,
ಗೋಡೆ ಇರಬೇಕಾದ ಕಡೆ ಕತ್ತಲು ನಿಲ್ಲಿಸಿ ಬಂದೆ.
ಅದಕ್ಕೇ ಈಗ ನೀವು ಶೈಲಿ ಅನ್ನುತ್ತೀರಿ.
ಅನ್ನಿ. ಬಡತನಕ್ಕೂ ಒಂದು ಒಳ್ಳೆ ಹೆಸರು ಸಿಗಲಿ.

ಕತ್ತರಿಸುವುದು ನನ್ನ ಇಷ್ಟವಲ್ಲ, ಸಂಕಲನಕಾರನ ಗುರುತು.
ಅವನು ಮೇಣದ ಪೆನ್ಸಿಲಿನಲ್ಲಿ ಗೀಚಿದ ಕಡೆ
ನಾನು ನಂಬರು ಹುಡುಕಿ, ಕತ್ತರಿಸಿ, ಕೆರೆದು, ಅಂಟಿಸಬೇಕು.
ಪ್ರತಿ ಬೆಸುಗೆಗೂ ಅಂಚಿನ ಒಂದು ಚೌಕ ಬಲಿ.
ಹಾಗೆ ಎಷ್ಟು ಕ್ಷಣಗಳನ್ನು ಗುಡಿಸಿ ಎಸೆದೆನೋ.
ಒಂದು ದಿನ, ತಮ್ಮನ ಜ್ವರದ ಮರುದಿನ,
ನಿದ್ದೆಗಣ್ಣಲ್ಲಿ ಎರಡು ಚೌಕ ಹೆಚ್ಚಾಗಿ ಕತ್ತರಿಸಿಬಿಟ್ಟೆ.
ಬಾಗಿಲಲ್ಲಿ ನಿಂತ ಹೆಂಗಸು,
ಅವಳು ತಿರುಗುವುದು, ಮತ್ತೆ ಗುಂಡಿನ ಹೊಗೆ,
ನಡುವೆ ಎರಡು ಚೌಕ.
ಸೆಕೆಂಡಿನ ಹನ್ನೆರಡನೇ ಒಂದು ಪಾಲು.
ಸದ್ದಿನ ಪಟ್ಟಿಯಲ್ಲೂ ಅಷ್ಟೇ ಕತ್ತರಿಸಿ
ಬಾಯಿಗೆ ಬೀಗ ಹಾಕಿಕೊಂಡೆ.

ಆ ಒಂದು ಸಿನಿಮಾಕ್ಕೆ ಮಾತ್ರ ದುಡ್ಡು ಕೊಟ್ಟು ಹೋದೆ,
ಬ್ರಾಡ್‌ವೇಯ ಹಳೇ ಟಾಕೀಸಿಗೆ, ಕಳ್ಳಿಯ ಹಾಗೆ ಹಿಂದಿನ ಸಾಲಿಗೆ.
ಮೊದಲ ಸಲ ನನ್ನ ರಾತ್ರಿಗಳು ಕಪ್ಪಗಾಗಿದ್ದವು.
ಒದ್ದೆ ರಸ್ತೆ ಹಾವಿನ ಮೈಯಂತೆ ಮಿನುಗುತ್ತಿತ್ತು.
ಆ ಜಾಗ ಬಂತು. ಕೈಗವಸಿಲ್ಲದ ಕೈ ತಣ್ಣಗೆ.
ಅವಳು ತಿರುಗಿದಳು. ಹೊಗೆ.
ಬೇಕೆಂದು ಹೊಡೆದಳೋ, ಬೆಚ್ಚಿ ಹೊಡೆದಳೋ,
ಉತ್ತರವಿದ್ದ ಚೌಕ ಎರಡೂ ಕಸದ ಬುಟ್ಟಿಗೆ ಹೋಗಿದ್ದವು.
ಮುಂದಿನ ಸಾಲಿನ ಹಡಗುಕಟ್ಟೆಯ ಕೂಲಿಯೊಬ್ಬ
ಪಾಪ್‌ಕಾರ್ನ್ ಅರ್ಧ ಬಾಯಿಗೆ ತಂದವನು
ಹಾಗೇ ಹಿಡಿದಿದ್ದ, ತಿನ್ನಲಿಲ್ಲ.
ಪತ್ರಿಕೆಗಳು ನಿರ್ದೇಶಕನನ್ನು ಹೊಗಳಿದವು.
ಅವನು ಒಪ್ಪಿಕೊಂಡ. ಪಾಪ, ಅವನಿಗೇನು ಗೊತ್ತು.

ಇರು, ಆ ಬಿಸ್ಕತ್ತಿನ ಡಬ್ಬಿ ತಾ.
ಬುಟ್ಟಿಗೆ ಹಾಕದೆ ಇಟ್ಟುಕೊಂಡದ್ದು ಇದೊಂದೇ:
ಅದೇ ಹೆಂಗಸು, ಕಟ್ ಅಂದಮೇಲೆ, ಪಿಸ್ತೂಲು ಕಂಕುಳಲ್ಲಿ,
ಏನೋ ತಮಾಷೆಗೆ ನಗುತ್ತಿದ್ದಾಳೆ. ಹಲ್ಲೆಲ್ಲ ಕಪ್ಪು.
ಅಂಚು ಜೇನಿನ ಹಾಗೆ ಅಂಟುತ್ತಿದೆ, ಮುಟ್ಟಬೇಡ,
ಕಿಡಿ ತಾಗಿದರೆ ಧಗ್ಗನೆ ಉರಿಯುವ ಜಾತಿ.
ಇದಕ್ಕೆ ಯಾರೂ ಪ್ರಿಂಟು ಹಾಕಲಿಲ್ಲ.
ಇಡೀ ಊರು ಹೆದರಿದ ಆ ಮುಖ ಹೇಗೆ ನಗುತ್ತಿತ್ತೆಂದು
ಬೆಳಕಿನಲ್ಲಿ ನಾನೂ ನೋಡಿಲ್ಲ.

ಅಡುಗೆಮನೆಯ ಬಲ್ಬಿಗೆ ಹಿಡಿ.
ಎರಡನೇ ಸ್ವಿಚ್ಚು ಬೇಡ, ಆರಿಸು.
ಒಂದು ಸಾಕು.