ಆಧಾರ

ಮಳವಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬಿಗೆ
ಮಾರನಂಜಯ್ಯ ಅಟೆಂಡರು.
ಬೀಗದ ಗೊಂಚಲು, ಖಾಕಿ ಪ್ಯಾಂಟು, ಕಿವಿಯ ಹಿಂದೆ
ಬೀಡಿ ಇಡುವ ಜಾಗದಲ್ಲಿ ಸೀಮೆಸುಣ್ಣ.
ಮೇಷ್ಟ್ರುಗಳು ‘ಅವನು’ ಅನ್ನುತ್ತಿದ್ದರು, ನಾವು ‘ಅವರು’.

ಬೆಳಗ್ಗೆ, ನಾವಿನ್ನೂ ಸೈಕಲ್ಲು ನಿಲ್ಲಿಸುತ್ತಿರುವಾಗಲೇ,
ಬಾಗಿಲ ಪಕ್ಕದ ಮೋಟು ಹಲಗೆಯನ್ನು ಒದ್ದೆಬಟ್ಟೆಯಲ್ಲಿ ಒರೆಸಿ
ಆರಲು ಬಿಟ್ಟು, ಆಮೇಲೆ ಬರೆಯುತ್ತಿದ್ದರು:
ಈ ದಿನ ವಿಜ್ಞಾನದಲ್ಲಿ.

ಅದಕ್ಕೊಂದು ಪುಸ್ತಕವಿತ್ತು, ರಟ್ಟಿಲ್ಲದ್ದು,
ಜನವರಿಯ ಮೊದಲ ವಾರವನ್ನು ಗೆದ್ದಲು ತಿಂದದ್ದು.
ಹಾಗಾಗಿ ನಮ್ಮ ಕಾಲೇಜಿನ ಮಟ್ಟಿಗೆ
ಜನವರಿ ಎಂಟರ ತನಕ ಲೋಕದಲ್ಲಿ
ಯಾರೂ ಏನನ್ನೂ ಕಂಡುಹಿಡಿದಿರಲಿಲ್ಲ.

ಮಾರ್ಚ್ ಹತ್ತು: ತಂತಿಯಲ್ಲಿ ಹರಿದ ಮೊದಲ ಮಾತು,
ಬಾ ಇಲ್ಲಿ, ನಿನ್ನನ್ನು ನೋಡಬೇಕು.
‘ಅಲ್ಲೂ ಕೂಗಿದ್ದು ಅಟೆಂಡರನ್ನೇಯ’ ಎಂದು ನಕ್ಕರು.

ನವೆಂಬರ್ ಎಂಟು: ಕತ್ತಲ ಕೋಣೆಯಲ್ಲೊಬ್ಬ
ಕಾಣದ ಕಿರಣ ಕಂಡ; ವಾರಗಳಾಚೆ
ಹೆಂಡತಿಯ ಕೈಮೂಳೆ, ಮೂಳೆಗೆ ತೊಡಿಸಿದ ಉಂಗುರ.
ಬರೆದು ಮುಗಿಸಿ ತಮ್ಮ ಕೈಯನ್ನು
ಕಿಟಕಿಯ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು.
‘ನಮ್ದು ಬರೀ ಕೆಂಪ್ಗೆ ಕಾಣ್ತದೆ ಕಣವ್ವ.’

ಜೂನ್ ಮೂವತ್ತಕ್ಕೆ ಪುಸ್ತಕದಲ್ಲಿ ಬೇರೇನೋ ಇತ್ತು.
ಅದನ್ನು ಬಿಟ್ಟು ಬರೆದರು:
೧೯೦೨. ಶಿವನಸಮುದ್ರದ ಕರೆಂಟು
ಕೋಲಾರದ ಗಣಿಗೆ ಹೋದ ದಿನ.
ಕೆಳಗೆ, ಸುಣ್ಣ ಸವೆದು ಉಗುರು ಹಲಗೆಗೆ ತಾಗುವಂತೆ:
ನಮ್ಮ ಹಟ್ಟಿಯ ಮೇಲೇ ಹೋಯಿತು. ಇಳಿಯಲಿಲ್ಲ.

ದಾಟಿಹೋಗಿದ್ದ ಪ್ರಿನ್ಸಿಪಾಲರು ಎರಡು ಹೆಜ್ಜೆ ಹಿಂದೆ ಬಂದು ಓದಿದರು.
ಅವತ್ತು ಏನೂ ಅನ್ನಲಿಲ್ಲ.
ಅಂದದ್ದು ಆಗಸ್ಟ್ ಹತ್ತೊಂಬತ್ತಕ್ಕೆ. ಹಲಗೆಯಲ್ಲಿ ಹೀಗಿತ್ತು:
೧೯೭೧. ಚಿಕ್ಕಮಾದಮ್ಮನ ಮನೆಯಲ್ಲಿ ಬಲ್ಬು ಹತ್ತಿತು.
ನಲವತ್ತು ಕ್ಯಾಂಡಲ್. ಸಂಜೆ ಆರೂ ಮುಕ್ಕಾಲು.

‘ಯಾವ ಪುಸ್ತಕದಲ್ಲಿದೆಯಯ್ಯ ಇದು? ಆಧಾರ ಏನು?’
ಬೀಗದ ಗೊಂಚಲು ಈ ಕೈಯಿಂದ ಆ ಕೈಗೆ ಹೋಯಿತು.
‘ನಮ್ಮವ್ವ, ಸಾ.
ಮೊದ್ಲು ದೀಪ್ದಂಗೆ ಬಾಯಲ್ಲಿ ಊದುದ್ಲು. ಆರ್ನಿಲ್ಲ.
ಸೆರಗಲ್ಲಿ ಬೀಸುದ್ಲು. ಆರ್ನಿಲ್ಲ.
ಆಮೇಲೆ ಗೋಡೆ ಕಡೀಕೆ ತಿರುಗಿ ಕುಂತ್ಕಂಡು
ತನ್ನ ನೆರಳ್ನೇ ನೋಡ್ತಾ ಇದ್ಲು.
ರಾತ್ರೆ ಹೊತ್ನಲ್ಲಿ ಅಲ್ಲಾಡ್ದೆ ನಿಂತ ನೆರಳ
ಅವತ್ತೇ ಸಾ ಅವಳು ಮೊದ್ಲು ಕಂಡದ್ದು.’

ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು.
ಒರೆಸು ಅಂದರೋ ಇರಲಿ ಅಂದರೋ
ಬೆಲ್ಲು ಹೊಡೆದದ್ದರಲ್ಲಿ ನನಗೆ ಕೇಳಿಸಲಿಲ್ಲ.
ಮಧ್ಯಾಹ್ನ ಸೋನೋಮೀಟರಿನ ತಂತಿ ಬಿಗಿದು
ಕಾಗದದ ಚೂರು ಹಾರುವುದನ್ನು ಕಾಯುತ್ತ
ಬಾಗಿಲ ಕಡೆ ನೋಡಿದೆ: ಇಸವಿ ಇತ್ತು, ಹೆಸರಿತ್ತು.
ಹೊತ್ತನ್ನು ಮಾತ್ರ
ಯಾರದೋ ಭುಜ ಒರೆಸಿಕೊಂಡು ಹೋಗಿತ್ತು.

ಈಗ ಅದೇ ಲ್ಯಾಬಿಗೆ ನಾನು ಮೇಡಂ.
ಅಟೆಂಡರ ಹುದ್ದೆ ಏಳು ವರ್ಷದಿಂದ ಖಾಲಿ;
ಟ್ಯೂನಿಂಗ್ ಫೋರ್ಕುಗಳ ತುಕ್ಕು ನಾನೇ ಉಜ್ಜುತ್ತೇನೆ.
ಪುಸ್ತಕ ಬೀರುವಿನಲ್ಲಿ ಸಿಕ್ಕಿತು. ಗೆದ್ದಲು ಫೆಬ್ರವರಿ ತಲುಪಿದೆ.
ಉಳಿದ ಹಾಳೆಗಳ ಅಂಚಿನಲ್ಲಿ ಪೆನ್ಸಿಲಿನ ಅಕ್ಷರ:
ಏಪ್ರಿಲ್ ಎರಡು, ಕೆಟ್ಟ ಪಂಪಿಗೆ ಸೈಕಲ್ ಟ್ಯೂಬಿನ ವಾಷರು
ಕತ್ತರಿಸಿ ಹಾಕಿ ಓಡಿಸಿದ್ದು ರಾಚ.
ಜುಲೈ ಹನ್ನೊಂದು, ನಾಗಿಯ ಮಗುವಿಗೆ
ಉಪ್ಪು ಸಕ್ಕರೆ ನೀರು. ಉಳಿಯಿತು.
ಅಕ್ಟೋಬರಿನ ಒಂದು ಪುಟದಲ್ಲಿ, ಅಚ್ಚಾದದ್ದನ್ನೆಲ್ಲ ಹೊಡೆದುಹಾಕಿ:
ಈ ದಿನ ಏನೂ ಆಗಲಿಲ್ಲ,
ಇಲ್ಲವೇ ಯಾರೂ ಬರೆದಿಡಲಿಲ್ಲ.

ಇವತ್ತು ಜನವರಿ ಮೂರು.
ಹಲಗೆ ಒರೆಸಿದ್ದೇನೆ.
ಇನ್ನೂ ಆರಿಲ್ಲ.