ಕಲರ್ ಮ್ಯಾಚಿಂಗ್

ಗೇಟಿನ ಕಂಬ ನನ್ನದೇ, ಕಾರೂ ನನ್ನದೇ,
ಹಾಗಾಗಿ ಯಾರ ಮೇಲೂ ಹಾಕುವಂತಿರಲಿಲ್ಲ.
ಎಡಗಡೆ ಹಿಂದಿನ ಬಾಗಿಲು, ಅಂಗೈಯಷ್ಟು ತಗ್ಗು,
ಸುತ್ತ ಬೆಕ್ಕು ಪರಚಿದಂಥ ನಾಲ್ಕು ಗೆರೆ.

ಗೋಣಿಕೊಪ್ಪದಲ್ಲಿ, ಪೊನ್ನಂಪೇಟೆ ರಸ್ತೆಗೆ ತಿರುಗಿದ ಮೇಲೆ,
ಸಜೀವನ ಶೆಡ್ಡು. ತಗ್ಗಿನ ಮೇಲೆ ಬೆರಳಾಡಿಸಿ
ಡಾಕ್ಟರರ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದ.
"ಬಾಗಿಲೊಂದೇ ಮೇಡಂ. ಕೈಲ್‌ಪೊಳ್ದಿನ ಒಳಗೆ ಕೊಡ್ತೇನೆ.
ಎಲ್ಲಿ ಹೊಡೆದದ್ದು ಅಂತ ನಿಮಗೇ ಹುಡುಕ್ಲಿಕ್ಕೆ ಆಗುವುದಿಲ್ಲ."

ಹುಡುಕಬೇಕಾಗಲಿಲ್ಲ.

ಕೊಟ್ಟದ್ದು ಸಂಜೆ ಏಳಕ್ಕೆ, ಟ್ಯೂಬ್‌ಲೈಟಿನ ಕೆಳಗೆ.
ಮರುದಿನ ಬೆಳಿಗ್ಗೆ ಹತ್ತು ನಿಮಿಷ ಬಿಸಿಲು ಬಂತು,
ಆಗಸ್ಟ್ ಕೊನೆಯಲ್ಲಿ ಅದೂ ಒಂದು ಸುದ್ದಿಯೇ.
ಕಾರು ಬೂದು. ಬಾಗಿಲು ನೀಲಿಯ ಕಡೆ ವಾಲಿದ ಬೂದು,
ಬೇರೆ ಯಾರದ್ದೋ ಬಾಗಿಲು ದಾರಿ ತಪ್ಪಿ ಬಂದು
ನನ್ನ ಕಾರಿನ ಜೊತೆ ನೆಂಟಸ್ತಿಕೆ ಹೇಳಿಕೊಂಡ ಹಾಗೆ.

ಹತ್ತಿರ ಹೋದರೆ ಮೈಯೆಲ್ಲ ಕಿತ್ತಳೆ ಸಿಪ್ಪೆ.
ಹಿಡಿಯ ಕೆಳಗೆ ಇಳಿಯುತ್ತ ಇಳಿಯುತ್ತ ನಿಂತುಬಿಟ್ಟ ಎರಡು ಹನಿ.
ರಬ್ಬರಿನ ಮೇಲೆ ಟೇಪಿನ ಅಂಚು.
ನಡುಮಧ್ಯೆ, ಲ್ಯಾಕರಿನ ಒಳಗೆ,
ಕಾಲು ಚಾಚಿ ಮಲಗಿದ ಒಂದು ನುಸಿ.
ಉಗುರಿನಿಂದ ಕೆರೆದೆ. ಬರಲಿಲ್ಲ.
ಇಡೀ ಕೆಲಸದಲ್ಲಿ ಗಟ್ಟಿಯಾಗಿ ಕೂತದ್ದು ಅದೊಂದೇ.

ಹಬ್ಬದ ದಿನ ಕೋವಿ, ಒಡಿಕತ್ತಿಗಳ ಪಕ್ಕ ಕಾರನ್ನೂ ನಿಲ್ಲಿಸಿದೆವು.
ಮೈದುನ ಚಿಣ್ಣಪ್ಪ ಗಂಧದ ಬೊಟ್ಟಿಡುತ್ತ ಬಂದವನು
ಬಾಗಿಲ ಹತ್ತಿರ ಕೈ ತಡೆದ:
"ಅತ್ತಿಗೆ, ಇದು ನಮ್ಮ ಒಕ್ಕದ್ದಾ?"
ಕಡುಂಬುಟ್ಟು ಬಾಯಲ್ಲಿಟ್ಟುಕೊಂಡೇ ಬೋಜಮ್ಮ ದೊಡ್ಡಮ್ಮ ನಕ್ಕರು.
ನಾನು ಬಾನೆಟ್ಟಿನ ಮೇಲೆ ತೋಕ್‌ಪೂ ಇಟ್ಟೆ.
ಒಂದೇ ಎಸಳು, ಅರ್ಧ ಕೆಂಪು, ಅರ್ಧ ಹಳದಿ.
ಅದನ್ನು ಯಾರೂ ವಾಪಸು ಶೆಡ್ಡಿಗೆ ಕಳಿಸುವುದಿಲ್ಲ.

ಮೊದಲ ಸಲ ಹೋದಾಗ ಮಳೆಯ ತಪ್ಪು.
"ತಂಡಿ ಹಿಡಿದಿದೆ, ಒಣಗಿದರೆ ಸರಿಯಾಗ್ತದೆ."
ಎರಡನೇ ಸಲ ಡಬ್ಬಿಯ ತಪ್ಪು.
ಮೂರನೇ ಸಲ ನನ್ನ ಕಾರಿನದೇ:
"ಬಾಗಿಲಿಂದು ಸರಿಯಾದ ಬಣ್ಣ ಮೇಡಂ.
ಹನ್ನೊಂದು ವರ್ಷದಲ್ಲಿ ಮಾಸಿದ್ದು ಉಳಿದ ಕಾರು.
ಬೇಕಾದರೆ ಬಾಗಿಲಿಗೆ ಹೊಂದುವ ಹಾಗೆ ಇಡೀ ಕಾರಿಗೇ ಹೊಡೆದುಬಿಡುವಾ,
ಇಪ್ಪತ್ತೆಂಟು ಸಾವಿರ, ನೀವು ಅಂತ."

ಹದಿನಾರು ವರ್ಷ ಪಾಲಿಸಿ ಮಾರಿದವಳು ನಾನು.
ಈ ಬಗೆಯ ಮಾತು ಹೊಸತಲ್ಲ.
ಎದುರಿಗೆ ಕೂತು ಅದನ್ನು ಕೇಳುವವರ ಮುಖ
ಒಳಗಿನಿಂದ ಹೇಗಿರುತ್ತದೆ ಎಂದು ಗೊತ್ತಾದದ್ದು ಮಾತ್ರ ಅವತ್ತು.

ಸರಿಯಾದ ಬೈಗುಳ ಹುಡುಕುತ್ತ ಶೆಡ್ಡಿನ ಹಿಂಬದಿಗೆ ಹೋದೆ.
ಪೇಂಟರ್ ಆಲಿಕುಟ್ಟಿ ಥಿನ್ನರಿನಲ್ಲಿ ಗನ್ ತೊಳೆಯುತ್ತಿದ್ದರು.
ಅವರ ಬೆನ್ನಿಗೆ ಗೋಡೆ.
ಆ ಗೋಡೆಗೆ ಸುಣ್ಣ ಕಂಡ ನೆನಪೇ ಇರಲಿಕ್ಕಿಲ್ಲ:
ಊರಿನ ಜೀಪು, ಓಮ್ನಿ, ಪಾದ್ರಿಗಳ ಸ್ಕೂಟರು,
ಶಾಲೆಯ ವ್ಯಾನು, ತಿರುನೆಲ್ಲಿಗೆ ಹೋಗುವ ಟ್ಯಾಕ್ಸಿಗಳು,
ಎಲ್ಲದರ ಬಣ್ಣವೂ ಮೊದಲು ಅಲ್ಲಿ,
ಅಂಗೈಯಗಲ, ಒಂದರ ಮೇಲೊಂದು, ಬೆರಳು ದಪ್ಪ.

ಬಲಮೂಲೆಯಲ್ಲಿ, ಎಲ್ಲಕ್ಕಿಂತ ಮೇಲೆ,
ನನ್ನ ಕಾರು.
ಕೂದಲೆಳೆಯಷ್ಟೂ ಆಚೀಚೆ ಇಲ್ಲದ ಬೂದು,
ಹನ್ನೊಂದು ವರ್ಷದ ಮಾಸಲು ಸಮೇತ.

"ಅದು ಬೆಳಿಗ್ಗೆ ಕಲಸಿದ್ದು," ಅಂದರು, ತಿರುಗದೆ.
"ಹೊಡೆಯುವ ಹೊತ್ತಿಗೆ ಕರೆಂಟ್ ಹೋಯ್ತು. ಸಂಜೆಗೆ ಅದು ಗಟ್ಟಿ.
ಆಮೇಲಿನದ್ದು ಅಂದಾಜಿಗೆ ಕಲಸಿದ್ದು.
ಬೇಡ ಅಂತ ಹೇಳಿದ್ದೆ.
ಹಬ್ಬದ ಒಳಗೆ ಆಗ್ಬೇಕು ಅಂತ ಇತ್ತಲ್ಲಾ."

ಬಿಲ್ಲು ನನ್ನ ಕೈಯಲ್ಲೇ ಇತ್ತು:
ಕಲರ್ ಮ್ಯಾಚಿಂಗ್, ಆರುನೂರು.
ಕೊಟ್ಟದ್ದಕ್ಕೆ ಮ್ಯಾಚ್ ಆಗಿದೆ, ಗೋಡೆಗೆ.

ಗೋಡೆಯನ್ನು ಮುಟ್ಟಿ ನೋಡಿದೆ. ನುಣುಪು.
ಒಂದು ನುಸಿಯೂ ಇಲ್ಲ.

"ತೀರ್ಥ ಕಳೆದು, ಬಿಸಿಲು ಗಟ್ಟಿಯಾದ ಮೇಲೆ ಬನ್ನಿ," ಅಂದರು ಆಲಿಕುಟ್ಟಿ,
"ಹಗಲು ಹನ್ನೆರಡಕ್ಕೆ, ನಿಮ್ಮೆದುರಿಗೇ ಹೊಡಿತೇನೆ."

ದುಡ್ಡು ಯಾರು ಕೊಡುವುದು ಅಂತ
ಬಾಗಿಲಿಂದ ಸಜೀವ ಕೇಳಿದ.
ನಾವಿಬ್ಬರೂ ಗೋಡೆ ನೋಡುತ್ತಿದ್ದೆವು.